ಫೆಸ್ಟಿಯ ಪರವಾಗಿ ನಾನು ಮಾತಾಡಿದ್ದು

ನನ್ನ ದೋಣಿಗೆ ಎರಡನೇ ಸಲ ಕಾಲಿಡುವವರು ಕಡಿಮೆ. ದೋಣಿಯಲ್ಲಿ ಐಬೇನೂ ಇಲ್ಲ. ಅಜ್ಜನ ಕಾಲದ ಮರ, ಪ್ರತಿ ವರ್ಷ ಡಾಂಬರು ಬಳಿದು ಕಾಗೆಯ ಹಾಗೆ ಕಪ್ಪಗೆ ಇಟ್ಟುಕೊಂಡಿದ್ದೇನೆ, ಕಂದು ಹಾಯಿಗೆ ಒಂದು ತೇಪೆ ಬಿದ್ದಿಲ್ಲ. ಐಬಿರುವುದು ಚುಕ್ಕಾಣಿ ಹಿಡಿದು ಕೂತವನಲ್ಲಿ. ಹಗ್ಗ ಎಳೆಯುವುದು ತುಸು ತಡವಾದರೆ ಸಾಕು, ನನ್ನ ಬಾಯಿಂದ ಬರುವ ಮಾತಿಗೆ ನಮ್ಮೂರು ರೌಂಡ್‌ಸ್ಟೋನ್‌ನ ಧಕ್ಕೆಯ ಮೇಲಿನ ಹಕ್ಕಿಗಳು ಎದ್ದು ಹಾರುತ್ತವೆ. ಒಮ್ಮೆ ಊರಿನ ಮೇಷ್ಟ್ರು ಜೊತೆಗೆ ಬಂದಿದ್ದರು. ಅರ್ಧ ದಾರಿಗೇ ಇಳಿದು ಹೋದರು. ಅರ್ಧ ದಾರಿ ಎಂದರೆ ಸೊಂಟದವರೆಗೆ ನೀರು. ನನ್ನ ಒಡಹುಟ್ಟಿದ ತಮ್ಮ ದೋಣಿಯ ಸಹವಾಸವೇ ಬಿಟ್ಟು ಈಗ ಗಾಲ್ಫ್ ಆಡುತ್ತಾನೆ.

ಉಳಿದವನು ಫೆಸ್ಟಿ ಒಬ್ಬನೇ. ಇಪ್ಪತ್ತು ವರ್ಷ ಉಳಿದ. ಅದಕ್ಕೆ ನನ್ನ ಮೇಲಿನ ಪ್ರೀತಿ ಕಾರಣ ಎಂದು ಬಹಳ ಕಾಲ ಊರಲ್ಲಿ ಹೇಳಿಕೊಂಡು ತಿರುಗಿದೆ. ನಿಜವಾದ ಕಾರಣ ಅವನ ಕಿವಿ. ಮೀಸೆ ಮೂಡುವ ವಯಸ್ಸಿಗೆ ಲಂಡನ್ನಿಗೆ ಹೋಗಿ, ನೆಲದಡಿ ಸುರಂಗ ಕೊರೆಯುವ ಕೆಲಸ ಮಾಡಿ, ವಾಪಸು ಬರುವಾಗ ಒಂದು ಒಳ್ಳೆಯ ಕೋಟನ್ನೂ ಅರ್ಧ ಕೆಟ್ಟ ಎರಡು ಕಿವಿಗಳನ್ನೂ ತಂದಿದ್ದ. ಕೋಟು ಇನ್ನೂ ಚೆನ್ನಾಗಿದೆ. ಕಿವಿಗಳು ಮಾತ್ರ ವರ್ಷದಿಂದ ವರ್ಷಕ್ಕೆ ಹೋದವು. ಈಗ ಎರಡಕ್ಕೂ ಯಂತ್ರ. ನಾನು ಬೈಯಲು ಬಾಯಿ ತೆರೆದರೆ ಅವನು ಯಂತ್ರಗಳನ್ನು ಒಂದೊಂದಾಗಿ, ಅವಸರವಿಲ್ಲದೆ ತೆಗೆದು, ಕರವಸ್ತ್ರದಲ್ಲಿ ಸುತ್ತಿ, ಚಹಾಪುಡಿಯ ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕುತ್ತಿದ್ದ. ಆಮೇಲೆ ಸಮುದ್ರ ನೋಡುತ್ತ ಕೂರುತ್ತಿದ್ದ. ಬೈಯುವವನಿಗೆ ಇದಕ್ಕಿಂತ ದೊಡ್ಡ ಅವಮಾನ ಇಲ್ಲ.

"ತೆಗೆದ್ರೂ ನಿನ್ನ ದನಿ ಕೇಳುತ್ತೆ ಕಣೋ," ಎಂದು ಒಮ್ಮೆ ಸಮಾಧಾನ ಹೇಳಿದ್ದ. "ದೂರದಲ್ಲಿ ಕಲ್ಲುಗಣಿ ಸಿಡಿದ ಹಾಗೆ. ಹಿತವಾಗಿರುತ್ತೆ."

ಇಂಥ ಫೆಸ್ಟಿ ಜೂನ್ ತಿಂಗಳ ಒಂದು ಗುರುವಾರ ನಮ್ಮ ಅಡುಗೆಮನೆಗೆ ಬಂದು, ಟೋಪಿ ಕಳಚಿ ಮಂಡಿಯ ಮೇಲಿಟ್ಟುಕೊಂಡು ಕೂತ. ಟೋಪಿ ಕಳಚಿದ್ದು ನೋಡಿಯೇ ಯಾರೋ ಸತ್ತಿದ್ದಾರೆ ಎಂದುಕೊಂಡೆ. ನನ್ನ ಅಕ್ಕ ಡೀಲಿಯಾ ಒಲೆಯ ಹತ್ತಿರ ನಿಂತಿದ್ದಳು. ಅವಳು ಶಾಲೆಯ ಬಸ್ಸು ಓಡಿಸಿ ನಿವೃತ್ತಳಾದವಳು. ಅರವತ್ತು ಮಕ್ಕಳನ್ನು ಸುಮ್ಮನಿರಿಸುತ್ತಿದ್ದ ಆ ನೋಟ ಈಗ ನನ್ನೊಬ್ಬನಿಗೇ ಮೀಸಲು.

"ಭಾನುವಾರ ಚರ್ಚಲ್ಲಿ ಪೂಜೆ ಮುಗಿದ್ಮೇಲೆ ಆ ಪೊಲೀಸ್ ಗಿಲ್ ವಿನಿನ ಕೇಳ್ತಾನಂತೆ," ಎಂದ ಫೆಸ್ಟಿ.

"ಏನು ಕೇಳ್ತಾನೆ?" ಎಂದೆ.

"ಇನ್ನೇನು, ಬಸ್ಸು ಎಷ್ಟೊತ್ತಿಗೆ ಅಂತ ಕೇಳ್ತಾನೆ," ಎಂದಳು ಡೀಲಿಯಾ. "ಮದುವೆಗೆ ಕಣೋ, ಪೆದ್ದ!"

ವಿನಿ ಇನಿಶ್‌ಮಾನ್ ದ್ವೀಪದಲ್ಲಿ ಅಂಗಡಿ ಇಟ್ಟುಕೊಂಡಿರುವ ವಿಧವೆ. ಪ್ರತಿ ಬೇಸಿಗೆ ದೋಣಿ ಪಂದ್ಯಕ್ಕೆ ನಾವು ಆ ಕಡೆ ಹೋದಾಗಲೆಲ್ಲ ಫೆಸ್ಟಿ ಅವಳ ಅಂಗಡಿಗೆ ಹೋಗಿ ಒಂದು ಟಾರ್ಚ್ ಕೊಂಡು ಬರುತ್ತಿದ್ದ. ಅವನ ಮನೆಯಲ್ಲಿ ಟಾರ್ಚುಗಳ ರಾಶಿ ಇತ್ತು. ಯಾಕೋ ಎಂದು ಕೇಳಿದ್ದಕ್ಕೆ, ಬ್ರೆಡ್ ಕೇಳಿದರೆ ಅವಳು ಕೊಟ್ಟುಬಿಡುತ್ತಾಳೆ, ಟಾರ್ಚ್ ಆದರೆ ಬ್ಯಾಟರಿ ಹಾಕಿ ಉರಿಸಿ ಆರಿಸಿ ತೋರಿಸಬೇಕು, ಅಷ್ಟು ಹೊತ್ತು ಅಲ್ಲಿ ನಿಂತಿರಬಹುದು ಎಂದಿದ್ದ. ಅದನ್ನು ಕೇಳಿ ನಾನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ.

ಗಿಲ್ ನಿವೃತ್ತ ಪೊಲೀಸ್. ಕೂದಲಿಗೆ ಬಣ್ಣ, ಷರಟಿಗೆ ಇಸ್ತ್ರಿ, ಮಾತಿಗೂ ಇಸ್ತ್ರಿ.

"ನೀನು ಮೊದ್ಲು ಹೋಗಿ ಕೇಳಿಬಿಡು," ಎಂದಳು ಡೀಲಿಯಾ.

"ನಂಗೆ ಬಾಯಿ ಬರಲ್ಲ ಡೀಲಿಯಾ. ಹಳೇ ಕಾಲದಲ್ಲಿ ಮಾಡ್ತಿದ್ದ ಹಾಗೆ ಮಾಡೋಣ ಅಂತ. ನನ್ನ ಪರವಾಗಿ ಬಾರ್ಟ್ಲಿ ಮಾತಾಡ್ಲಿ."

ಬಾರ್ಟ್ಲಿ ಎಂದರೆ ನಾನು. ನಮ್ಮ ಕಡೆ ಹಿಂದೆಲ್ಲ ಗಂಡು ಬಾಯಿ ತೆರೆಯುತ್ತಿರಲಿಲ್ಲ. ಅವನ ಪರವಾಗಿ ಮಾತುಗಾರನೊಬ್ಬ ವಿಸ್ಕಿ ಬಾಟಲಿ ಹಿಡಿದು ಹೆಣ್ಣಿನ ಮನೆಗೆ ಹೋಗಿ ಸಂಬಂಧ ಮಾತಾಡುತ್ತಿದ್ದ. ನಮ್ಮಪ್ಪನ ಪರವಾಗಿ ಹೋದವನು ಎಷ್ಟು ಚೆನ್ನಾಗಿ ಮಾತಾಡಿದ್ದನೆಂದರೆ, ಅವನನ್ನೇ ಮಾಡಿಕೊಳ್ಳಬೇಕಿತ್ತು ಎಂದು ಅಮ್ಮ ಸಾಯುವತನಕ ಹೇಳುತ್ತಿದ್ದಳು. ಸೀಮೆಯಲ್ಲಿ ಇಷ್ಟೊಂದು ನಾಲಗೆಗಳಿರುವಾಗ ಫೆಸ್ಟಿ ಆರಿಸಿಕೊಂಡದ್ದು ನನ್ನದನ್ನು.

"ಯಾಕೋ, ನಾನೇ ಯಾಕೆ?" ಎಂದೆ. ಒಳಗೊಳಗೆ ಉಬ್ಬಿದ್ದೆ, ಸುಳ್ಳು ಯಾಕೆ ಹೇಳಲಿ.

"ನೀನು ಮಾತಾಡಿದ್ರೆ ನನ್ನ ಬಗ್ಗೆ ಏನು ಹೇಳ್ತಿದೀಯ ಅಂತ ನಂಗೂ ಕೇಳುತ್ತಲ್ಲ," ಎಂದ.

ಒಪ್ಪಿಕೊಂಡೆ. ರಾತ್ರಿ ಹಾಸಿಗೆಯಲ್ಲಿ ಬಿದ್ದುಕೊಂಡ ಮೇಲೆ ತಲೆಗೆ ಹೊಳೆಯಿತು. ವಿನಿ ಅಂಗಡಿ ಬಿಟ್ಟು ಈಚೆ ಬರುವವಳಲ್ಲ. ಅವಳು ಹೂಂ ಅಂದರೆ ಫೆಸ್ಟಿ ದ್ವೀಪದಲ್ಲೇ ಉಳಿಯುತ್ತಾನೆ. ನನ್ನ ಹಾಯಿ ಎತ್ತುವವರು ಯಾರೂ ಇರುವುದಿಲ್ಲ. ನಾನು ಚೆನ್ನಾಗಿ ಮಾತಾಡಿದಷ್ಟೂ ನನ್ನ ದೋಣಿ ಧಕ್ಕೆಯಲ್ಲೇ ಕೊಳೆಯುತ್ತದೆ. ಕೆಟ್ಟದಾಗಿ ಮಾತಾಡುವುದು ನನಗೆ ಕಷ್ಟವೇನಲ್ಲ, ಅದರಲ್ಲಿ ಒಳ್ಳೆಯ ಅಭ್ಯಾಸವಿದೆ. ಆ ಯೋಚನೆ ಬಂದದ್ದಕ್ಕೆ ನನ್ನ ಮೇಲೇ ಸಿಟ್ಟು ಬಂದು ದಿಂಬಿಗೆ ಗುದ್ದಿದೆ. ಗೋಡೆಯಾಚೆಯಿಂದ ಡೀಲಿಯಾ, "ಮಲಗೋ ಪ್ರಾಣಿ!" ಎಂದಳು.

ಶನಿವಾರ ಬೆಳಿಗ್ಗೆ ಮೂವರೂ ಹೊರಟೆವು. ವಿಸ್ಕಿಯ ಬದಲು ದೋಣಿಯ ತುಂಬ ಉರುವಲು ಹೆಂಟೆ ತುಂಬಿದ್ದೆವು. ಜೌಗುನೆಲದ ಮಣ್ಣನ್ನು ಫೆಸ್ಟಿ ತಾನೇ ಕೊಯ್ದು, ತಾನೇ ಒಣಗಿಸಿದ ಹೆಂಟೆ; ನಮ್ಮ ಕಡೆ ಸೌದೆಯ ಬದಲು ಅದನ್ನೇ ಉರಿಸುವುದು. ಆ ದ್ವೀಪದಲ್ಲಿ ಇರುವುದೆಲ್ಲ ಕಲ್ಲು, ಒಲೆಗೆ ಹಾಕಲು ಒಂದು ಹಿಡಿ ಜೌಗುಮಣ್ಣಿಲ್ಲ. ಹಿಂದೆ ಇಂಥ ದೋಣಿಗಳೇ ಅಲ್ಲಿಗೆ ಉರುವಲು ಒಯ್ಯುತ್ತಿದ್ದವು. ಫೆಸ್ಟಿ ಲಂಡನ್ ಕೋಟು ಹಾಕಿಕೊಂಡು ಹೆಂಟೆಗಳ ಮೇಲೆ ಮದುಮಗನಂತೆ ಕೂತಿದ್ದ. ಒಳ್ಳೆಯ ಪಡುವಣ ಗಾಳಿ. ಮಧ್ಯಾಹ್ನದ ಉಬ್ಬರಕ್ಕೆ ಸರಿಯಾಗಿ ಧಕ್ಕೆ ಮುಟ್ಟಬೇಕು ಎಂಬುದು ನನ್ನ ಲೆಕ್ಕ.

ದಾರಿಯಲ್ಲಿ ನಾನು ಭಾಷಣ ಉರು ಹೊಡೆಯತೊಡಗಿದೆ. ಶಾಲೆಯಲ್ಲಿದ್ದಷ್ಟು ದಿನ ಒಂದು ಪದ್ಯವೂ ನನಗೆ ಬಾಯಿಗೆ ಬಂದಿರಲಿಲ್ಲ. ಈಗಂತೂ ಕೇಳುವುದೇ ಬೇಡ.

"ಅವನು ಕುಡಿಯಲ್ಲ ಅನ್ನು," ಎಂದಳು ಡೀಲಿಯಾ.

"ಕುಡೀತಾನಲ್ಲ."

"ಮಿತವಾಗಿ ಅನ್ನು."

"ಮಿತ ಅಂದ್ರೆ? ಕಳೆದ ಕ್ರಿಸ್‌ಮಸ್‌ನಲ್ಲಿ ಹಂದಿಗೂಡಲ್ಲಿ ಮಲಗಿದ್ನಲ್ಲ, ಅದಾ?"

"ಪಕ್ಕದಲ್ಲಿ ಮಲಗಿದ್ದೋನು ನೀನಲ್ವಾ? ಅದನ್ನೂ ಹೇಳು!"

ಅಲ್ಲಿಂದ ಹತ್ತಿಕೊಂಡಿತು. ನಾನು ಎಷ್ಟು ಜೋರಾಗಿ ಕೂಗಿದೆನೆಂದರೆ ಫೆಸ್ಟಿ ಯಂತ್ರ ತೆಗೆದು ಡಬ್ಬಿಗೆ ಹಾಕಿ, ಕೋಟಿನ ಕಾಲರು ಎತ್ತಿಕೊಂಡು ಕಣ್ಣು ಮುಚ್ಚಿದ. ಡೀಲಿಯಾ ತನ್ನ ಮದುವೆಯ ದಿನ ನಾನು ಏನು ಮಾಡಿದೆ ಎಂಬಲ್ಲಿಗೆ ಹೋದಳು. ಇದರ ನಡುವೆ ಸಂತ ಮ್ಯಾಕ್‌ಡಾರಾನ ದ್ವೀಪ ಎಡಗಡೆಗೆ ಬಂತು, ಹೋಯಿತು. ನಮ್ಮಲ್ಲಿ ಯಾವ ಹಾಯಿದೋಣಿಯೂ ಆ ದ್ವೀಪವನ್ನು ಸುಮ್ಮನೆ ದಾಟುವುದಿಲ್ಲ. ಹಾಯಿಯನ್ನು ಮೂರು ಸಲ ತಗ್ಗಿಸಿ ಸಂತನಿಗೆ ನಮಸ್ಕಾರ ಮಾಡಿಯೇ ಮುಂದೆ ಹೋಗುವುದು. ನಾವು ನಮಸ್ಕಾರ ಮಾಡಿರಲಿಲ್ಲ, ಜಗಳ ಆಡುತ್ತಿದ್ದೆವು.

ಫೆಸ್ಟಿ ಕಣ್ಣು ಬಿಟ್ಟ. ದ್ವೀಪ ಹಿಂದಕ್ಕೆ ಹೋಗಿರುವುದನ್ನು ಕಂಡ. ಹಾಯಿ ನೋಡಿದ, ನನ್ನನ್ನು ನೋಡಿದ.

"ತಗ್ಗಿಸ್ಲಿಲ್ವಾ?"

"ನನ್ನ ಕೂಗಿಗೆ ಸಂತ ಹೇಗೂ ಎದ್ದಿರ್ತಾನೆ ಬಿಡೋ!" ಎಂದೆ. "ವಾಪಸ್ ಹೋದ್ರೆ ಉಬ್ಬರ ತಪ್ಪಿಹೋಗುತ್ತೆ!"

ಅವನು ಕೈಯಲ್ಲಿದ್ದ ಹಗ್ಗ ಕೆಳಗಿಟ್ಟು ಕೈಕಟ್ಟಿ ಕೂತ. "ಇವತ್ತು ನಾನು ಒಂದು ಹೆಣ್ಣನ್ನ ಕೇಳೋಕೆ ಹೋಗ್ತಿರೋದು ಬಾರ್ಟ್ಲಿ. ಸಂತನಿಗೆ ಬೆನ್ನು ಹಾಕಿ ಹೋಗಲ್ಲ."

ಬೈದೆ. ಯಂತ್ರ ಡಬ್ಬಿಯಲ್ಲಿತ್ತು. ಇನ್ನೂ ಜೋರಾಗಿ ಬೈದೆ. ಅವನು ಹಿತವಾಗಿ ಕೇಳಿಸಿಕೊಂಡು ಕೂತ. ಕೊನೆಗೆ ದೋಣಿ ತಿರುಗಿಸಿದೆ. ಗಾಳಿಗೆ ಎದುರಾಗಿ ಅಡ್ಡಡ್ಡ ಹೊಡೆದುಕೊಂಡು ವಾಪಸು ಹೋಗುವಾಗ ಒಂದೊಂದು ಅಲೆಯೂ ದೋಣಿಯ ಮೂತಿಯ ಮೇಲಿಂದ ಒಳಗೆ ಬಂದು ಹೆಂಟೆಗಳ ಮೇಲೆ ಬಿತ್ತು. ಫೆಸ್ಟಿ ಹಾಯಿಯನ್ನು ಮೂರು ಸಲ ಇಳಿಸಿ ಏರಿಸಿದ, ಮಗುವಿಗೆ ಅಂಗಿ ತೊಡಿಸುವಷ್ಟು ಮೆತ್ತಗೆ. ನಾನೂ ಟೋಪಿ ತೆಗೆದೆ, ಹಲ್ಲು ಕಚ್ಚಿಕೊಂಡು. ಆಮೇಲೆ ಚಹಾ ಮಾಡೋಣ ಎಂದು ಡಬ್ಬಿ ತೆಗೆದರೆ, ಸಿಟ್ಟಿನಲ್ಲಿ ನಾನು ಒದ್ದಾಗ ಮುಚ್ಚಳ ಸಡಿಲಗೊಂಡು ಒಳಗೆ ಉಪ್ಪುನೀರು ತುಂಬಿತ್ತು. ಕಿವಿಯ ಯಂತ್ರಗಳು ಚಹಾಪುಡಿಯಲ್ಲಿ ನೆನೆಯುತ್ತಿದ್ದವು.

ಇನಿಶ್‌ಮಾನ್ ತಲುಪುವಾಗ ನೀರು ಇಳಿದಾಗಿತ್ತು. ಸ್ವಲ್ಪ ಹೊರಗೆ ಲಂಗರು ಹಾಕಿ ಕಾಯಬೇಕಿತ್ತು. ಬುದ್ಧಿ ಇರುವ ಯಾರಾದರೂ ಅದನ್ನೇ ಮಾಡುತ್ತಿದ್ದರು. ಡೀಲಿಯಾ ಅದನ್ನೇ ಹೇಳಿದಳು. ಅವಳು ಹೇಳಿದ್ದರಿಂದಲೇ ನಾನು ನೇರ ಒಳಗೆ ನುಗ್ಗಿದೆ. ಧಕ್ಕೆಗೆ ಒಂದು ಕಲ್ಲೆಸೆತ ಇರುವಾಗ ದೋಣಿಯ ತಳ ಮರಳಿಗೆ ಕೂತು, ನಿಧಾನಕ್ಕೆ ಒಂದು ಮಗ್ಗುಲಿಗೆ ವಾಲಿಕೊಂಡಿತು, ಮುದಿ ಹಸು ಮಲಗಿದ ಹಾಗೆ. ಧಕ್ಕೆಯ ಮೇಲೆ ಮೋಟಾರು ದೋಣಿಗೆ ಕಾಯುತ್ತಿದ್ದ ಅರ್ಧ ದ್ವೀಪವೇ ಇತ್ತು. ವಿನಿ ಏಪ್ರನ್ ಒರೆಸಿಕೊಳ್ಳುತ್ತ ಅಂಗಡಿಯಿಂದ ಹೊರಗೆ ಬಂದಳು.

"ಟಾರ್ಚ್ ಬೇಕಿತ್ತಾ ಫೆಸ್ಟಿ?" ಎಂದು ಕೂಗಿದಳು. ಧಕ್ಕೆ ನಕ್ಕಿತು. ಫೆಸ್ಟಿಗೆ ಕೇಳಿಸದಿದ್ದರೂ ಅವಳನ್ನು ನೋಡಿ ಕೆಂಪಾದ.

"ಮಾತಾಡು," ಎಂದು ಡೀಲಿಯಾ ನನ್ನ ಪಕ್ಕೆಗೆ ತಿವಿದಳು.

ಉರು ಹೊಡೆದದ್ದೆಲ್ಲ ಎಲ್ಲಿ ಹೋಯಿತೋ. ವಾಲಿದ ದೋಣಿಯಲ್ಲಿ ಹಾಯಿ ಕಟ್ಟಿದ ಕೂವೆಮರ ತಬ್ಬಿಕೊಂಡು ಎದ್ದು ನಿಂತೆ. "ವಿನಿ! ಫೆಸ್ಟಿ ಒಳ್ಳೇವನು!"

"ಗೊತ್ತು. ಅದಕ್ಕೆ ಕೂಗೋದ್ಯಾಕೆ?"

"ನಾನು ಕೂಗ್ತಿಲ್ಲ! ಅವನ ಪರವಾಗಿ ಸಂಬಂಧ ಮಾತಾಡ್ತಿದೀನಿ!"

ಈ ಸಲ ನಗು ಎಷ್ಟು ಜೋರಾಗಿತ್ತೆಂದರೆ ಫೆಸ್ಟಿ ಕೂಡ ತಿರುಗಿ ನೋಡಿದ. ನನ್ನ ತಲೆ ಕಾದುಹೋಯಿತು.

"ನಗ್ರೋ, ನಗ್ರಿ! ನೀನೂ ನಗು ವಿನಿ! ನಾಳೆ ಆ ಇಸ್ತ್ರಿ ಪೊಲೀಸಿಗೆ ಹೂಂ ಅಂದ್ರೆ ನಿನ್ನಂಥ ದಡ್ಡಿ ಇನ್ನೊಬ್ಬಳಿಲ್ಲ! ಈ ಉರುವಲೆಲ್ಲ ನಿಂಗೇ ತಂದಿದ್ದು, ನೆನೆದುಹೋಯ್ತು, ಅದು ನನ್ನ ತಪ್ಪು! ಇವನ ಕಿವಿ ಚಹಾ ಆಯ್ತು, ಅದೂ ನನ್ನ ತಪ್ಪು! ಇವನು ಕುಡೀತಾನೆ, ಮಿತವಾಗಿ! ಮನೆ ತುಂಬ ನಿನ್ನ ಟಾರ್ಚ್ ಇಟ್ಕೊಂಡಿದಾನೆ, ಒಂದನ್ನೂ ಉರಿಸಲ್ಲ, ಬ್ಯಾಟರಿ ಮುಗಿಯುತ್ತೆ ಅಂತ! ನೀನು ಇವನನ್ನ ಇಟ್ಕೊಂಡ್ರೆ ನನ್ನ ದೋಣಿಗೆ ಬರೋಕೆ ಒಂದು ನಾಯಿನೂ ಇಲ್ಲ! ಆದ್ರೂ ಬಂದು ಕೇಳ್ತಿದೀನಿ! ತಿಳೀತಾ ನಿಂಗೆ?"

ಡೀಲಿಯಾ ಮುಖ ಮುಚ್ಚಿಕೊಂಡಿದ್ದಳು. ಧಕ್ಕೆಯ ಮೇಲೆ ಯಾರೂ ನಗಲಿಲ್ಲ. ಯಂತ್ರವಿಲ್ಲದೆಯೂ ನನ್ನ ಆ ಕೂಗಿನ ಪ್ರತಿ ಮಾತೂ ಕೇಳಿಸಿಕೊಂಡಿದ್ದ ಫೆಸ್ಟಿ ಹೆಂಟೆಗಳನ್ನು ನೋಡುತ್ತ ಕೂತಿದ್ದ. ಅವನ ಕತ್ತು ಟೊಮೇಟೊ ಬಣ್ಣಕ್ಕೆ ತಿರುಗಿತ್ತು.

ವಿನಿ ನನ್ನನ್ನು ಬಿಟ್ಟು ಡೀಲಿಯಾಳನ್ನು ಕೇಳಿದಳು. "ಈ ಮನುಷ್ಯನ ಜೊತೆ ಅವನು ಎಷ್ಟು ವರ್ಷದಿಂದ ಇದಾನೆ?"

"ಇಪ್ಪತ್ತು."

"ಒಂದ್ಸಲಾನೂ ಇವನನ್ನ ನೀರಿಗೆ ತಳ್ಳಿಲ್ವಾ?"

"ಇಲ್ಲ. ನಾನು ಕೇಳ್ಕೊಂಡಿದ್ದೆ, ಆದ್ರೂ ತಳ್ಳಿಲ್ಲ."

ವಿನಿ ಫೆಸ್ಟಿಯ ಕಡೆ ತಿರುಗಿ, ಕೂಗದೆ, ಕೈಸನ್ನೆಯಲ್ಲಿ ಬಾ ಎಂದಳು.

ಅವನು ನನ್ನನ್ನು ನೋಡಿದ. "ಹೋಗೋ!" ಎಂದೆ. ಅವನು ಷೂ ಬಿಚ್ಚಿ ಕುತ್ತಿಗೆಗೆ ತೂಗುಹಾಕಿಕೊಂಡ. ತಳದಲ್ಲಿ ಕೈಯಾಡಿಸಿ ಒಣಗಿದ ಒಂದೇ ಒಂದು ಹೆಂಟೆ ಹುಡುಕಿ, ಕೋಟಿನೊಳಗಿಟ್ಟುಕೊಂಡು ನೀರಿಗಿಳಿದ. ಡೀಲಿಯಾಳೂ ಲಂಗ ಎತ್ತಿಕೊಂಡು ಇಳಿದಳು.

"ನಾನು?" ಎಂದೆ.

"ನೀನು ಮಾತಾಡಿದ್ದಾಯ್ತಲ್ಲ, ದೋಣಿ ಕಾಯಿ," ಎಂದಳು ಡೀಲಿಯಾ.

ಉಬ್ಬರ ಬರುವವರೆಗೆ ವಾಲಿದ ದೋಣಿಯಲ್ಲಿ ಒಂದು ಕಾಲು ಮೇಲೆ ಒಂದು ಕಾಲು ಕೆಳಗೆ ಇಟ್ಟು ಕೂತೆ. ಗೆಲ್ಲಲಿ ಎಂದುಕೊಂಡೆ. ಸೋಲಲಿ ಎಂದೂ ಒಂದೆರಡು ಸಲ ಅಂದುಕೊಂಡೆ, ಮತ್ತೆ ನನಗೆ ನಾನೇ ಬೈದುಕೊಂಡೆ. ಅಲ್ಲಿ ಬೈಸಿಕೊಳ್ಳಲು ಬೇರೆ ಯಾರೂ ಇರಲಿಲ್ಲ. ನೀರು ಏರಿ ದೋಣಿ ಎದ್ದು ನಿಂತಾಗ ಧಕ್ಕೆಗೆ ತಂದು ಕಟ್ಟಿದೆ. ಡೀಲಿಯಾ ಒಂದು ತಟ್ಟೆಯಲ್ಲಿ ಹಂದಿಮಾಂಸ, ಕೋಸು, ಆಲೂಗಡ್ಡೆ ತಂದಳು.

"ಏನಾಯ್ತೇ?"

"ಮೊದ್ಲು ತಿನ್ನು."

"ಹೂಂ ಅಂದ್ಲಾ?"

"ಅಂದ್ಲು. ಗಿಲ್‌ಗೆ ಇವತ್ತೇ ಹೇಳಿ ಕಳಿಸ್ತಾಳಂತೆ, ಪಾಪ, ನಾಳೆಗೆ ಅಂತ ಮತ್ತೆ ಕೂದಲಿಗೆ ಬಣ್ಣ ಹಚ್ಕೋಬಾರ್ದಲ್ಲ."

"ನನ್ನ ಮಾತಲ್ಲಿ ಯಾವ್ದು ಹಿಡಿಸ್ತಂತೆ?"

"ನಿನ್ನದು ಯಾವ್ದೂ ಅಲ್ಲ. ಒಳಗೆ ಹೋದ್ಮೇಲೆ ಅವನೇ ಮಾತಾಡ್ದ."

"ಫೆಸ್ಟಿನಾ? ಏನಂದ?"

"ಅದು ನಿಂಗ್ಯಾಕೆ?" ಎಂದಳು ಡೀಲಿಯಾ. ಇವತ್ತಿನವರೆಗೂ ಹೇಳಿಲ್ಲ. ನಾನು ಮಾತ್ರ ಆ ಮದುವೆ ಕುದುರಿಸಿದ್ದು ನಾನೇ ಎಂದು ಹೋಟೆಲಿನಲ್ಲಿ ಹೇಳುತ್ತಿರುತ್ತೇನೆ. ಅಲ್ಲಿಯೂ ಯಾರೂ ನಂಬುವುದಿಲ್ಲ.

ಮರುದಿನ ಪೂಜೆ ಮುಗಿದ ಮೇಲೆ ಹೊರಟೆವು, ನಾನು ಮತ್ತು ಡೀಲಿಯಾ ಇಬ್ಬರೇ. ಒಂದೇ ಒಂದು ಸಲ ಬೈದರೂ ನೀರಿಗೆ ಹಾರುತ್ತೇನೆ, ದೋಣಿ ನೀನೊಬ್ಬನೇ ಒಯ್ಯಿ ಎಂದು ಅವಳು ಮೊದಲೇ ಹೇಳಿದ್ದಳು. ವಿನಿಯ ಗೋಡೆಯುದ್ದಕ್ಕೂ ಹೆಂಟೆಗಳು ಬಿಸಿಲಿಗೆ ಹರಡಿಕೊಂಡಿದ್ದವು. ಫೆಸ್ಟಿ ಧಕ್ಕೆಯ ಮೇಲೆ ನಿಂತು ನಮ್ಮ ಹಗ್ಗ ಬಿಚ್ಚಿ, ಸುತ್ತಿ, ನನ್ನ ಕೈಗೆ ಎಸೆದ. ಇಪ್ಪತ್ತು ವರ್ಷದಲ್ಲಿ ಹಗ್ಗದ ಆ ತುದಿಯಲ್ಲಿ ಅವನನ್ನು ನೋಡಿದ್ದು ಅದೇ ಮೊದಲು.

"ಹೀಗೇನೋ ಹಗ್ಗ ಸುತ್ತೋದು?" ಎಂದು ಗಂಟಲು ಹರಿಯುವ ಹಾಗೆ ಕೂಗಿದೆ. "ಇಷ್ಟು ವರ್ಷದಲ್ಲಿ ಇಷ್ಟೂ ಕಲೀಲಿಲ್ವಾ, ಕತ್ತೆ?"

ಫೆಸ್ಟಿ ಟೋಪಿ ಎತ್ತಿ ಆಡಿಸಿದ.

"ಹಗ್ಗ ಸರಿಯಾಗೇ ಸುತ್ತಿದಾನೆ," ಎಂದಳು ಡೀಲಿಯಾ.

"ಗೊತ್ತು," ಎಂದೆ. "ಹಾಯಿ ಎತ್ತು... ಎತ್ತಮ್ಮ."