ಸೆರಗಿನಡಿಯ ಮೂರು ಬೆರಳು

ಗುರುಸಿದ್ದಮ್ಮ ನನಗೆ ವರಸೆಯಲ್ಲಿ ಅತ್ತಿಗೆ. ಅದು ಆಕೆಯ ನಿಜವಾದ ಹೆಸರಲ್ಲ. "ಬರಿಯಂಗಿದ್ರೆ ಬರಿ ಮೈದ, ನನ್ನ ಹೆಸ್ರು ಮಾತ್ರ ಹಾಕ್ಬ್ಯಾಡ" ಎಂದು ಆಕೆಯೇ ಅಪ್ಪಣೆ ಕೊಟ್ಟ ಮೇಲೆ ಬರೆಯುತ್ತಿದ್ದೇನೆ. ಮನೆಯವರ ಹೆಸರನ್ನೂ ಬದಲಿಸಿದ್ದೇನೆ. ಊರು ಚನ್ನರಾಯಪಟ್ಟಣದ ಕಡೆಯದು, ಅಷ್ಟು ಸಾಕು.

ಆಕೆ ಸಾಲಗಾಮೆ ಕಡೆಯ ಹೆಣ್ಣು. ಹದಿನಾರಕ್ಕೆ ಅರಕಲಗೂಡು ಕಡೆ, ರುದ್ರಪಟ್ಟಣದ ಹತ್ತಿರದ ಒಂದು ಊರಿಗೆ ಕೊಟ್ಟರು. ಎರಡು ವರ್ಷಕ್ಕೆ ಗಂಡ ಕಾಮಾಲೆಯಲ್ಲಿ ಹೋದ. ಮಡಿಲಲ್ಲಿ ಹನ್ನೊಂದು ತಿಂಗಳ ಗಂಡು ಕೂಸು. ಮರುವರ್ಷ ಅಣ್ಣಂದಿರು ಆಕೆಯನ್ನು ನಮ್ಮ ದೊಡ್ಡಪ್ಪನ ಮಗನಿಗೆ ಕೂಡಾವಳಿ ಮಾಡಿಕೊಟ್ಟರು. ಗಂಡ ಸತ್ತವಳ ಎರಡನೇ ಮದುವೆಗೆ ಓಲಗವಿಲ್ಲ, ಚಪ್ಪರವಿಲ್ಲ. ಹೊಸ ಸೀರೆ ಉಡಿಸಿ, ದೀಪ ಹಚ್ಚಿದ ಮೇಲೆ ಹೊಸ್ತಿಲು ದಾಟಿಸುತ್ತಾರೆ. ಹಳೆಯ ಮನೆಯ ಕೂಸು ಹಳೆಯ ಮನೆಗೇ ಸೇರಿದ್ದು, ಅಲ್ಲೇ ಬಿಟ್ಟು ಬರಬೇಕು. ಅದರ ಮಾತನ್ನು ಹೊಸ ಮನೆಯಲ್ಲಿ ಎತ್ತಬಾರದು.

ಆಕೆ ಎತ್ತಲಿಲ್ಲ. ಊರಿನ ಹಿರಿಯರಿಗೆಲ್ಲ ಗೊತ್ತಿತ್ತು, ಐವತ್ತು ವರ್ಷ ಒಬ್ಬರೂ ಆಡಲಿಲ್ಲ. ಜಗಳಕ್ಕೆ ನಿಂತರೆ ಮೂರು ತಲೆಮಾರನ್ನು ಜಾಲಾಡುವ ಹೆಂಗಸರು ಕೂಡ ಆ ಒಂದು ಮಾತನ್ನು ನಾಲಗೆಗೆ ತರಲಿಲ್ಲ. ತಿಳಿದಿರುವುದು ಬೇರೆ, ಬಾಯಿ ಬಿಡುವುದು ಬೇರೆ ಎಂಬ ವಿವೇಕ ಅಕ್ಷರ ಬಾರದ ಊರಿಗಿತ್ತು. ಹಬ್ಬದಲ್ಲಿ ಆಕೆ ಒಂದು ಒಬ್ಬಟ್ಟನ್ನು ಬೇರೆ ಎತ್ತಿಟ್ಟು, ಸಂಜೆ ಹಸುವಿಗೆ ತಿನ್ನಿಸುತ್ತಿದ್ದಳು. ಯಾಕೆಂದು ನಮ್ಮಣ್ಣ ಸಾಯುವವರೆಗೂ ಕೇಳಲಿಲ್ಲ. ಈ ಮನೆಯಲ್ಲಿ ಹುಟ್ಟಿದ ಇಬ್ಬರು ಮಕ್ಕಳಿಗೆ ಏನೂ ತಿಳಿಯದು.

ಹೋದ ವರ್ಷ ಸರ್ಕಾರದ ಯಾವುದೋ ಸರ್ವೆಗೆಂದು ಪಕ್ಕದೂರಿನ ಶಾಲೆಯ ಸೌಜನ್ಯ ಮೇಡಮ್ ಬಂದರು. ಎತ್ತು ಕಟ್ಟಿದ್ದ ಒಕ್ಕಲು ಮನೆಯ ಮಗಳು, ದನದ ಜಾತ್ರೆ ಕಂಡವರು. ಜಗಲಿಯ ಮೇಲೆ ನಾನು, ಅತ್ತಿಗೆ, ಮಗ ಪುಟ್ಟಸ್ವಾಮಿ, ಸೊಸೆ. ಇಣುಕಲು ಬಂದ ನೆರೆಯವರಿಬ್ಬರು. ಮೇಡಮ್ ಮೊಬೈಲ್ ನೋಡುತ್ತ ಒಂದೊಂದೇ ಕೇಳಿದರು: ಜಮೀನು, ಕಾಯಿಲೆ, ಕಕ್ಕಸು.

"ನಮ್ಮನೆ ಕಕ್ಕಸ್ ಕಟ್ಕೊಂಡು ಸರ್ಕಾರಕ್ಕೇನ್ ಆಗ್ಬೇಕು ಮೇಡಮ್ಮೋರೆ?" ಎಂದ ಪುಟ್ಟಸ್ವಾಮಿ.

"ಕೇಳು ಅಂದವ್ರೆ, ಕೇಳ್ತಿವ್ನಿ ಕಣಣ್ಣ. ನಮ್ಮನೇದೂ ಇನ್ಯಾರೋ ಬಂದು ಕೇಳ್ಕೊಂಡೋದ್ರು." ಆಮೇಲೆ ಅತ್ತಿಗೆಯ ಕಡೆ ತಿರುಗಿದರು. "ಅಜ್ಜಿ, ಹೆತ್ತ ಮಕ್ಕಳು ಎಷ್ಟು ಜನ?"

"ಇಬ್ರು. ನಾನು, ನನ್ ತಂಗಿ" ಎಂದ ಪುಟ್ಟಸ್ವಾಮಿ.

"ಅಜ್ಜಿ ಬಾಯಿಂದ್ಲೇ ಬರ್ಬೇಕಂತೆ ಅಣ್ಣ."

ಅತ್ತಿಗೆ ಮೇಡಮ್ಮಿನ ಕೈಯನ್ನು ಎಳೆದುಕೊಂಡು ತನ್ನ ಸೆರಗಿನ ಕೆಳಗೆ ಇಟ್ಟುಕೊಂಡಳು. ಏನೋ ಅಕ್ಕರೆ ಎಂದು ಎಲ್ಲರೂ ನಕ್ಕರು.

ನಾನು ನಲವತ್ತು ವರ್ಷ ದನದ ದಲ್ಲಾಳಿ. ಟವೆಲ್ಲಿನ ಅಡಿಯಲ್ಲಿ ಎದುರಿನವರ ಬೆರಳು ಹಿಡಿದೇ ಬೆಲೆ ಹೇಳುವ ವ್ಯಾಪಾರ ನಮ್ಮದು. ಸುತ್ತ ನೂರು ಕಣ್ಣಿದ್ದರೂ ಮಾತು ಇಬ್ಬರದೇ. ಮೊಣಕೈ ಅಲುಗಿದ ರೀತಿಗೇ ನನಗೆ ತಿಳಿಯಿತು, ಆಕೆ ಮೇಡಮ್ಮಿನ ಮೂರು ಬೆರಳು ಹಿಡಿದಿದ್ದಳು. ಮೇಡಮ್ಮಿಗೂ ತಿಳಿಯಿತು. ಇನ್ನೊಂದು ಕೈಯಲ್ಲಿ ಮೊಬೈಲ್ ಒತ್ತಿ, ಅದನ್ನೇ ನೋಡುತ್ತ ಮೆಲ್ಲಗೆ ಅಂದರು, "ಅಜ್ಜಿ, ಇದು ಹೆಸ್ರಿಲ್ದೆ ಮುಂದಕ್ಕೋಗಲ್ಲ. ಹೆಸ್ರು, ವಯಸ್ಸು, ಎಲ್ಲವ್ರೆ ಅಂತ, ಎಲ್ಲಾ ಬೇಕು ಅಂತದೆ."

"ಒಂದು ಗೀಟು ಎಳ್ದು ಬುಡು ತಾಯಿ, ಸಾಕು."

"ಅದಕ್ಕೆ ಜಾಗಿಲ್ಲ ಅಜ್ಜಿ."

"ಅದ್ರಾಗೆ ಎಲ್ಲಾರೂ ಅವ್ರಾ? ಅರಕಲಗೂಡ್ ಕಡೆಯೋರೂ?"

"ಎಲ್ಲಾರೂ ಬತ್ತಾರೆ."

"ಅಂಗಾರೆ ಒಬ್ರು ಚೆಂದಾಗವ್ರಾ ಅಂತ ನೋಡಿ ಯೋಳ್ತೀಯಾ?"

"ನಾವು ತುಂಬೋದಷ್ಟೇ ಅಜ್ಜಿ. ತೆಗ್ದು ನೋಡೋ ಅಧಿಕಾರ ನಮಗಿಲ್ಲ."

"ಅರಕಲಗೂಡಲ್ಲಿ ನಿಂಗ್ಯಾರವ್ವಾ ಅವ್ರೆ?" ಎಂದು ನಕ್ಕ ಪುಟ್ಟಸ್ವಾಮಿ.

ಆಕೆ ಮಗನ ಮುಖ ನೋಡಿದಳು. "ಯಾರೂ ಇಲ್ಲ ಬುಡ್ಲಾ."

ಸೆರಗು ಸಡಿಲವಾಯಿತು. ಮೇಡಮ್ ಕೈ ತೆಗೆದುಕೊಂಡರು, ಕೊನೆಗೆ ಎಲ್ಲವನ್ನೂ ಓದಿ ಹೇಳಬೇಕಂತೆ, ಓದಿದರು. "ಮಕ್ಕಳು, ಇಬ್ಬರು" ಎನ್ನುವಾಗ ದನಿ ಇಳಿದಿತ್ತು. ಬಾಗಿಲಿಗೆ ಒಂದು ಚೀಟಿ ಅಂಟಿಸಿ ಮುಂದಿನ ಮನೆಗೆ ಹೋದರು.

ಎಲ್ಲರೂ ಎದ್ದ ಮೇಲೆ ಅತ್ತಿಗೆ ಕೇಳಿದಳು, "ನಿಂಗೆ ಗೊತ್ತಾಯ್ತಲ್ಲ ಮೈದ?"

"ದಲ್ಲಾಳಿ ಕಣತ್ಗೆ ನಾನು."

ಐವತ್ತು ವರ್ಷದಲ್ಲಿ ಆ ವಿಷಯವಾಗಿ ನಾವಾಡಿದ ಮೊದಲ ಮಾತು ಅದು. ಆಕೆಯ ಎಡಗೈ ಬಲಗೈಯ ಮೂರು ಬೆರಳನ್ನು ಹಿಡಿದೇ ಇತ್ತು.

"ಆ ಕಡೀಕೂ ಇಂಗೇ ಬತ್ತಾರಾ? ಜಗಲೀ ಮ್ಯಾಲೆ ಕುಂತ್ಕಂಡು ಎಲ್ಲಾ ಕೇಳ್ತಾರಾ?"

"ಕೇಳ್ತಾರೆ."

"ತಾಯಿ ಹೆಸ್ರೇನು ಅಂತಾನೂ?"

"ಅದನ್ನೂ ಕೇಳ್ತಾರೆ ಅತ್ಗೆ."

ಆಕೆ ಬಾಗಿಲ ಚೀಟಿಯನ್ನೇ ನೋಡುತ್ತ ಕುಳಿತಳು. ಒಳಗಿನಿಂದ ಸೊಸೆ ಎರಡು ಸಲ ಕಾಫಿಗೆ ಕರೆದಳು.

"ಯಾರ ಹೆಸ್ರು ಬರಿಸ್ತಾನೋ" ಎಂದಳು.