ಕಿಟಕಿ ತೆಗೆದದ್ದು ಯಾವಾಗ

ಬಾಣಂತಿ ಇರುವ ಮನೆಯನ್ನು ಮೆಟ್ಟಿಲಲ್ಲೇ ವಾಸನೆಯಿಂದ ಗುರುತಿಸುತ್ತಿದ್ದ ಕಾಲ ಅದು. ಮುಂಬಯಿ ಹತ್ತಿರದ ವಿಠ್ಠಲವಾಡಿಯ ನಮ್ಮ ಒಂದೇ ಕೋಣೆಯ ಮನೆಯಲ್ಲಿ ಆ ಚಳಿಗಾಲವಿಡೀ ಓಮ, ಬೆಳ್ಳುಳ್ಳಿ, ಸಾಂಬ್ರಾಣಿ. ತಮ್ಮ ಹುಟ್ಟಿದ್ದ. ಬಾಣಂತನಕ್ಕೆ ಉಡುಪಿ ಕಡೆಯಿಂದ ಅಮ್ಮನ ಅಮ್ಮ ಬಂದಿದ್ದರು. ಅಮ್ಮನ ಮೆಂತೆ ಗಂಜಿಯಲ್ಲಿ ನನಗೂ ಒಂದು ಬಟ್ಟಲು ಸಿಗುತ್ತಿತ್ತು. ತಳದ ಬೆಲ್ಲವನ್ನು ಬೆರಳಲ್ಲಿ ಬಾಚಿ ತಿನ್ನುತ್ತಿದ್ದೆ.

ಅಜ್ಜಿಗೆ ಇದ್ದದ್ದು ಒಂದೇ ಭಯ, ಗಾಳಿ. ಗಾಳಿ ಎಂದರೆ ಚಳಿಗಾಳಿಯೂ ಹೌದು, ಮೈಮೇಲೆ ಬರುವಂಥದ್ದೂ ಹೌದು; ಅವರು ಎರಡನ್ನೂ ಬೇರೆ ಮಾಡುತ್ತಿರಲಿಲ್ಲ. ಕಿಟಕಿಯ ಸಂದಿಗೆ ಹಳೆ ಸೀರೆ ತುರುಕಿದರು. ಕೆಳಗಿನ ಇಸ್ತ್ರಿಯವನಿಂದ ಅಪ್ಪ ತಂದ ಇದ್ದಿಲನ್ನು ಶೆಗಡಿಯಲ್ಲಿ ಹೊತ್ತಿಸಿ, ಕೆಂಡವನ್ನು ಮಂಚದ ಕೆಳಗಿಟ್ಟರು. ಊರಿನಲ್ಲೂ ಅದೇ ಪದ್ಧತಿ. ಅಲ್ಲಿ ಹಂಚಿನ ಸಂದಿಯಿಂದ ಎಲ್ಲವೂ ಹೊರಗೆ ಹೋಗುತ್ತಿತ್ತು. ಇಲ್ಲಿ ತಲೆಯ ಮೇಲೆ ಸ್ಲ್ಯಾಬು.

"ತಲೆ ಸಿಡೀತಾ ಉಂಟಮ್ಮ. ಕಿಟಕಿ ಸ್ವಲ್ಪ ತೆಗೀತೇನೆ."

"ನಾವೆಲ್ಲ ಹೆರಲಿಲ್ವಾ? ನಿಂದೇನು ಮುಂಬಯಿ ತಲೆಯಾ? ಸುಮ್ನೆ ಮಲಗು. ಗಾಳಿ ತಾಗ್ತದೆ."

ಪಕ್ಕದ ಮನೆಯ ಮರಾಠಿ ಕಾಕು ಬಾಗಿಲಲ್ಲಿ ನಿಂತು, "ಅಮ್ಮಾ, ಶೆಗಡಿ ಬಾಹರ್ ರಖೋ" ಎಂದರು.

"ಎಂತ ಹೇಳ್ತಾಳೆ ಇವಳು?" ಅಜ್ಜಿ ನನ್ನನ್ನು ಕೇಳಿದರು. ಶೆಗಡಿ ಹೊರಗಿಡಬೇಕಂತೆ ಎಂದೆ.

"ಅವಳ ಮಗಳ ಬಾಣಂತನ ಅವಳು ಮಾಡ್ಲಿಕ್ಕೆ ಹೇಳು."

ಒಂದು ಮಧ್ಯಾಹ್ನ ಅಜ್ಜಿ ಬಾಗಿಲೆಳೆದುಕೊಂಡು ಹೊರಗೆ ಪಡಸಾಲೆಯಲ್ಲಿ ಅಕ್ಕಿ ಆರಿಸುತ್ತಿದ್ದರು. ನಾನು ಪಕ್ಕದಲ್ಲಿ ಕಲ್ಲಾಟ ಆಡುತ್ತಿದ್ದೆ. ಒಳಗೆ ಏನೋ ಬಿದ್ದ ಸದ್ದು. ಬಾಗಿಲು ತೆಗೆದು ನೋಡಿದರೆ, ಅಮ್ಮ ವಾಂತಿ ಮಾಡಿಕೊಂಡು, ತೆವಳಿಕೊಂಡು ಹೋಗಿ ಕಿಟಕಿ ತೆಗೆದಿದ್ದಳು. ಅಜ್ಜಿ ಬೈಯುತ್ತಲೇ ಅದನ್ನು ಮುಚ್ಚಿದರು. ಆಮೇಲೆ ತೊಟ್ಟಿಲಿಗೆ ಬಗ್ಗಿ, "ನೋಡು, ಬೆಚ್ಚಗೆ ಮಲಗಿದ್ದಾನೆ. ಕೆನ್ನೆ ಎಷ್ಟು ಕೆಂಪಾಗಿದೆ" ಎಂದರು.

ತಮ್ಮ ಏಳಲಿಲ್ಲ.

ಬಂದವರಿಗೆಲ್ಲ ಅಜ್ಜಿ ಹೇಳಿದ್ದು ಒಂದೇ ಮಾತು: "ಇವಳೇ ಕಿಟಕಿ ತೆಗೆದು ಮಗುವಿಗೆ ಗಾಳಿ ತಾಗಿಸಿದಳು." ಸಾಯುವವರೆಗೂ ಹೇಳಿದರು. ಅಮ್ಮ ಎದುರು ಮಾತಾಡಲಿಲ್ಲ. ನನ್ನೊಬ್ಬಳ ಹತ್ತಿರ ಹಲ್ಲು ಕಚ್ಚಿ, "ಮುಚ್ಚಿದ್ದು ಅವರು" ಎನ್ನುತ್ತಿದ್ದಳು.

ಕಳೆದ ಚಳಿಗಾಲ ಡೊಂಬಿವಲಿಯ ನಮ್ಮ ಸೊಸೈಟಿಯಲ್ಲಿ ಗ್ಯಾಸ್ ಗೀಸರಿನ ಬಗ್ಗೆ ತಿಳಿಹೇಳಲು ಒಬ್ಬರು ಬಂದಿದ್ದರು. ಮುಚ್ಚಿದ ಕೋಣೆಯಲ್ಲಿ ಉರಿಯುವ ಗ್ಯಾಸಾಗಲಿ ಕೆಂಡವಾಗಲಿ, ಬಣ್ಣವಿಲ್ಲದ ವಾಸನೆಯಿಲ್ಲದ ಒಂದು ವಿಷ ಬಿಡುತ್ತದೆ. ಮೊದಲು ತಲೆನೋವು, ವಾಂತಿ, ಆಮೇಲೆ ನಿದ್ದೆ; ಸತ್ತ ಮೇಲೂ ಕೆನ್ನೆ ಕೆಂಪಗೇ ಇರಬಹುದು ಎಂದರು. ಅಂದಿನಿಂದ ನಾನೂ ಅವರ ಜೊತೆ ಮನೆಮನೆಗೆ ಹೋಗುತ್ತೇನೆ. ಒಂದು ಮನೆಯಲ್ಲಿ ಬಾಣಂತಿಯ ಅತ್ತೆ, "ಮಗುವಿಗೆ ಥಂಡಿ ಆದ್ರೆ ನೀವು ಬಂದು ನೋಡ್ಕೊಳ್ತೀರಾ ಮೇಡಂ?" ಎಂದು ನಕ್ಕು, ನಾನು ಮೆಟ್ಟಿಲಿಳಿಯುವಷ್ಟರಲ್ಲಿ ಕಿಟಕಿ ಹಾಕಿಕೊಂಡರು.

ಅಮ್ಮನಿಗೂ ಹೇಳಿದೆ. "ನೀನು ಕಿಟಕಿ ತೆಗೆಯುವ ಮೊದಲೇ ಅವನು ಹೋಗಿದ್ದ. ತೆಗೆದದ್ದರಿಂದ ನೀನು ಉಳಿದೆ."

"ನೀನು ನೋಡಿದ್ದಾ?"

ನೋಡಿದ್ದೆನೇ? ಬಾಗಿಲು ತೆಗೆದಾಗ ತೊಟ್ಟಿಲಲ್ಲಿ ಸದ್ದಿರಲಿಲ್ಲವೆಂದು ನೆನಪು. ಇದು ನಿಜವಾದ ನೆನಪೋ, ಅಮ್ಮನಿಗಾಗಿ ನಾನು ಕಟ್ಟಿಕೊಂಡದ್ದೋ, ಈಗ ಬಿಡಿಸಲಾರೆ. "ಹೌದು" ಎಂದೆ.



"ಹಾಗಾದ್ರೆ ತಲೆ ಸಿಡಿದಾಗಲೇ ತೆಗೀಬೇಕಿತ್ತು ನಾನು."

ಕಿಟಕಿ ಮುಚ್ಚಿದರೆಂದು ಇಷ್ಟು ವರ್ಷ ಅವಳಿಗೆ ಅಜ್ಜಿಯ ಮೇಲೆ ಒಂದು ಸಿಟ್ಟಾದರೂ ಇತ್ತು. ಈಗ ಅದೂ ಇಲ್ಲ.