ಲಾಗ್ ಫೈಲಿಗೊಂದು ಬೇರೆ ಮೊಳೆ

ಆಯುಧಪೂಜೆಯ ಹಿಂದಿನ ದಿನ ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಮಗ್ಗಗಳು ನಿಲ್ಲುತ್ತವೆ. ಸದ್ದಿಲ್ಲದಿದ್ದರೂ ಜನ ಮಾತ್ರ ಅಭ್ಯಾಸಬಲದಿಂದ ಕೂಗಿಕೊಂಡೇ ಮಾತಾಡುತ್ತಾ ಗುಡಿಸುತ್ತಾರೆ. ಮಗ್ಗದಡಿಯ ನೂಲಿನ ಚೂರು, ಎಣ್ಣೆ ಜಿಡ್ಡು, ಒಂದೂ ಉಳಿಯಬಾರದು. ನನ್ನ ಕೈಗೆ ಮಗ್ಗದ ಬದಲು ಕಂಪ್ಯೂಟರ್ ಬಂದರೂ ಈ ಚಾಳಿ ಹೋಗಲಿಲ್ಲ. ನಮ್ಮ ನೇಕಾರರ ಸಂಘಕ್ಕೆ ಸೀರೆ ಆರ್ಡರಿನ ವೆಬ್‌ಸೈಟ್ ಮಾಡಿಕೊಟ್ಟವನು ನಾನು, ನೋಡಿಕೊಳ್ಳುವವನೂ ನಾನೇ. ಪ್ರತಿ ಆಯುಧಪೂಜೆಗೂ ಸಂಘದ ಕಂಪ್ಯೂಟರಿನಲ್ಲಿ ವೆಬ್‌ಸೈಟಿನ ಇಡೀ ಫೋಲ್ಡರನ್ನೇ ಅಳಿಸಿ, ಹೊಸ ಪ್ರತಿ ಹಾಕಿ, ಆಮೇಲೆ ಕುಂಕುಮ ಹಚ್ಚುತ್ತೇನೆ. ಆರ್ಡರುಗಳು ಬೇರೆ ಕಡೆ ಭದ್ರವಾಗಿರುತ್ತವೆ, ಅವಕ್ಕೇನೂ ಆಗುವುದಿಲ್ಲ. ನನ್ನ ಕಸುಬಿನವರು ಕೇಳಿದರೆ ಹುಚ್ಚು ಅನ್ನುತ್ತಾರೆ. ಅನ್ನಲಿ ಬಿಡಿ.

ಈ ಸಲ ಹಬ್ಬ ಮುಗಿದ ಮೂರನೇ ದಿನ ಬೆಳಿಗ್ಗೆ ಸಂಘದ ಅಧ್ಯಕ್ಷರು ಫೋನ್ ಮಾಡಿ ಕರೆಸಿದರು. ಹೋಗಿ ನೋಡಿದರೆ ಮೇಜಿನ ಮೇಲೆ ಹನ್ನೆರಡು ಸೀರೆ, ಎಲ್ಲವೂ ರಾಣಿ ಪಿಂಕ್. ನಂದಗುಡಿಯ ಕಡೆಯ ಒಂದು ಮದುವೆಗೆಂದು ಹೊಸಕೋಟೆಯ ಅಂಗಡಿಯವರು ಫೋನಿನಲ್ಲಿ ಹೇಳಿದ್ದು ಆನಂದ ನೀಲಿ. ಸೀರೆ ನೋಡಿದವರೇ ಹಿಂದಿನ ದಿನ ವಾಪಸ್ ಕಳಿಸಿದ್ದರು.

ಗೋಡೆಗೆ ಒರಗಿ ನಿಂತಿದ್ದವರು ಆರ್ಡರ್ ಟೈಪ್ ಮಾಡುವ ಅಕ್ಕ. ತೂಬಗೆರೆಯಿಂದ ದಿನಾ ಬಸ್ಸಿನಲ್ಲಿ ಬರುತ್ತಾರೆ. ವರ್ಷಗಟ್ಟಲೆ ಮಗ್ಗದ ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತಿ, ಆ ನೂಲಿನ ಧೂಳಿಗೆ ಕೆಮ್ಮು ಹಿಡಿದ ಮೇಲೆ, ಹಟ ಹಿಡಿದು ಟೈಪಿಂಗ್ ಕಲಿತು ಈ ಕುರ್ಚಿಗೆ ಬಂದವರು.

"ಅವ್ರು ನೀಲಿ ಅಂದಿದ್ದಾರೆ, ಕಂಪ್ಯೂಟರಲ್ಲಿ ರಾಣಿ ಅಂತ ಐತೆ. ಇನ್ನೇನಪ್ಪಾ ನೋಡೋದು?" ಎಂದರು ಅಧ್ಯಕ್ಷರು. "ನಾಳೆಯಿಂದ ಈಯಮ್ಮ ಕಂಡಿಕೆ ಸುತ್ಕೊಳ್ಲಿ. ಇಲ್ಲಿಗೆ ಬೇರೆಯವ್ರನ್ನ ಕೂರಿಸ್ತೀನಿ."

"ನಾನು ನೀಲಿ ಅಂತಾನೇ ಹಾಕಿದ್ದು ಸಾರ್," ಎಂದರು ಅಕ್ಕ. ಇನ್ನೊಮ್ಮೆ ಹೇಳಿದಾಗ ದನಿ ಇಳಿದಿತ್ತು.

ನನಗೆ ಸಿಟ್ಟು ಬಂತು. ನನ್ನ ಸಿಟ್ಟು ಹಿಂದೆ ಮುಂದೆ ನೋಡುವುದಿಲ್ಲ. "ತಡೀರಿ ಸಾರ್, ಲಾಗ್ ನೋಡಿದ್ರೆ ಎಲ್ಲಾ ಗೊತ್ತಾಗುತ್ತೆ" ಎಂದು ದೊಡ್ಡದಾಗಿ ಹೇಳಿ ಕುರ್ಚಿ ಎಳೆದುಕೊಂಡೆ. ಯಾರು, ಯಾವ ಹೊತ್ತಿನಲ್ಲಿ, ಯಾವ ಆರ್ಡರಿನಲ್ಲಿ ಏನು ಬದಲಿಸಿದರು ಎಂಬುದನ್ನು ವೆಬ್‌ಸೈಟ್ ತಾನಾಗಿಯೇ ಸಾಲುಸಾಲಾಗಿ ಬರೆದಿಡುವ ಫೈಲು ಅದು. ಮೌಸ್ ಹಿಡಿದ ಮೇಲೆ ಹೊಳೆಯಿತು. ಆ ಫೈಲು ಇರುತ್ತಿದ್ದದ್ದು ವೆಬ್‌ಸೈಟಿನ ಫೋಲ್ಡರಿನ ಒಳಗೇ. ಅದನ್ನು ಹಬ್ಬದ ಹಿಂದಿನ ದಿನ ನನ್ನ ಕೈಯಾರೆ ಗುಡಿಸಿಹಾಕಿದ್ದೆ.

ಆಮೇಲೆ ಶ್ರಾವಣದ ಒಂದು ಮಧ್ಯಾಹ್ನ ನೆನಪಿಗೆ ಬಂತು. ನಮ್ಮಪ್ಪ ಮಗ್ಗಕ್ಕೊಂದು ನೋಟ್‌ಬುಕ್ ಇಟ್ಟಿದ್ದಾರೆ, ಯಾವತ್ತು ಎಳೆ ಕಿತ್ತುಹೋಯಿತು, ಯಾವತ್ತು ಯಾವ ಸಾಮಾನು ಬದಲಾಯಿತು ಅಂತ ಬರೆಯಲು. ಅದನ್ನು ಮಗ್ಗದ ಹತ್ತಿರ ಇಡುವುದಿಲ್ಲ, ಬಾಗಿಲ ಪಕ್ಕದ ಮೊಳೆಗೆ ನೇತುಹಾಕುತ್ತಾರೆ. ಯಾಕಪ್ಪಾ ಅಷ್ಟು ದೂರ ಎಂದು ಕೇಳಿದ್ದೆ. "ಮಗ್ಗದತ್ರ ಇಟ್ರೆ ಗುಡಿಸುವಾಗ ಕಸದ ಜೊತೆ ಹೋಗ್ತದೆ ಕಣೋ" ಎಂದಿದ್ದರು. ನನ್ನ ಬುದ್ಧಿಗಿಷ್ಟು, ಇಷ್ಟು ವರ್ಷ ನಾನು ಮಾಡಿದ್ದೂ ಅದೇ ಅಲ್ಲವೇ! ಅವತ್ತೇ ಸಂಘಕ್ಕೆ ಹೋಗಿ ಕಂಪ್ಯೂಟರಿನ ಸೆಟ್ಟಿಂಗ್ ಬದಲಿಸಿ, ಲಾಗ್ ಫೈಲಿಗೆ ವೆಬ್‌ಸೈಟಿನಿಂದ ಆಚೆ ಬೇರೊಂದು ಫೋಲ್ಡರ್ ತೋರಿಸಿದ್ದೆ. ಆದರೆ ಅಲ್ಲಿಗೆ ಸಾಲು ಬಿತ್ತೋ ಇಲ್ಲವೋ ನೋಡುವಷ್ಟರಲ್ಲಿ ಕರೆಂಟು ಹೋಯಿತು. ನಾನು ಎದ್ದು ಮನೆಗೆ ಬಂದವನು ಅದನ್ನು ಮರೆತೇಬಿಟ್ಟಿದ್ದೆ. ಒಂದು ಅಕ್ಷರ ತಪ್ಪಾಗಿದ್ದರೂ ಆ ಫೋಲ್ಡರ್ ಖಾಲಿ ಇರುತ್ತದೆ.

ಆ ಫೋಲ್ಡರನ್ನು ತೆರೆದೆ. ಅಕ್ಕ ಹಿಂದೆ ಬಂದು ನಿಂತಿದ್ದರು, ಅವರ ಕೆಮ್ಮು ಕೇಳಿಸುತ್ತಿತ್ತು. ಫೈಲು ಇತ್ತು. ಶ್ರಾವಣದಿಂದ ಈವರೆಗಿನ ಸಾಲುಗಳೆಲ್ಲ ಅಲ್ಲಿದ್ದವು. ಹೋದ ಜೀವ ಬಂದಂತಾಯಿತು. ಅಧ್ಯಕ್ಷರ ಕಡೆ ತಿರುಗಿ ನಕ್ಕೂ ಬಿಟ್ಟೆ.

ಮದುವೆಯ ಆರ್ಡರಿನ ನಂಬರು ಹಾಕಿ ಹುಡುಕಿದೆ. ಸಿಕ್ಕಿದ್ದು ಫೈಲಿನ ಮೊಟ್ಟಮೊದಲ ಸಾಲು. ಹಳೆಯ ಬಣ್ಣ ಆನಂದ ನೀಲಿ, ಹೊಸ ಬಣ್ಣ ರಾಣಿ ಪಿಂಕ್. ಬದಲಿಸಿದವರ ಹೆಸರಿನ ಜಾಗದಲ್ಲಿ ನನ್ನ ಹೆಸರಿತ್ತು.

ಆಗ ಎಲ್ಲಾ ನೆನಪಾಯಿತು. ಹೊಸ ಜಾಗದಲ್ಲಿ ಸಾಲು ಬೀಳುತ್ತದೋ ಇಲ್ಲವೋ ಎಂದು ಪರೀಕ್ಷಿಸಲು, ಪರದೆಯ ಮೇಲೆ ಮೊದಲು ಕಂಡ ಆರ್ಡರಿನ ಬಣ್ಣ ಬದಲಿಸಿದ್ದೆ. ನೋಡಿಕೊಂಡು ಮತ್ತೆ ನೀಲಿ ಮಾಡೋಣ ಅಂದುಕೊಂಡಿದ್ದೆ, ಅಷ್ಟರಲ್ಲಿ ಕರೆಂಟು ಹೋಗಿತ್ತು.

ಆ ಇಂಗ್ಲಿಷ್ ಸಾಲು, ಆ ಚುಕ್ಕೆ ಗೆರೆ ಓದಿ ಅರ್ಥ ಮಾಡಿಕೊಳ್ಳಲು ಆ ಕೋಣೆಯಲ್ಲಿ ಬರುತ್ತಿದ್ದದ್ದು ನನಗೊಬ್ಬನಿಗೇ. ಸಾಫ್ಟ್‌ವೇರ್ ತೊಂದರೆ ಸಾರ್, ಯಾರದೂ ತಪ್ಪಿಲ್ಲ ಅಂದಿದ್ದರೆ ಅಕ್ಕನ ಕುರ್ಚಿಯೂ ಉಳಿಯುತ್ತಿತ್ತು, ನನ್ನ ಮರ್ಯಾದೆಯೂ ಉಳಿಯುತ್ತಿತ್ತು. ಆ ಮಾತು ನಾಲಗೆಯ ತುದಿಗೆ ಬಂದಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಅಕ್ಕನ ಉಸಿರು ನನ್ನ ಭುಜದ ಹತ್ತಿರವೇ ಇತ್ತು.

"ನೀಲೀನ ರಾಣಿ ಮಾಡಿದ್ದು ನಾನು ಸಾರ್. ಅಕ್ಕ ಸರಿಯಾಗೇ ಹಾಕಿದ್ರು," ಎಂದು ನಡೆದದ್ದೆಲ್ಲ ಹೇಳಿದೆ.

ಅಧ್ಯಕ್ಷರು ಮೇಜಿನ ಮೇಲಿದ್ದ ಒಂದು ಸೀರೆಯನ್ನು ನನ್ನ ಮುಂದಕ್ಕೆ ತಳ್ಳಿದರು. "ಲೇ, ನಿನ್ನ ಪರೀಕ್ಷೆಗೆ ಮದುವೆ ಸೀರೇನೇ ಬೇಕಾಗಿತ್ತೇನ್ಲಾ?" ಎಂದರು. ಆಮೇಲೆ ತಾವೇ ಹೊಸಕೋಟೆಗೆ ಫೋನ್ ಮಾಡಿ, ಮದುವೆಗೆ ಇನ್ನೂ ದಿನ ಇದೆ, ನೀಲಿ ನೇಯ್ದು ಕೊಡುತ್ತೇವೆ, ಈ ರಾಣಿ ದೀಪಾವಳಿ ಮಾರಾಟಕ್ಕೆ ಇಟ್ಟುಕೊಳ್ಳಿ ಎಂದು ಒಪ್ಪಿಸಿದರು. ನನ್ನ ಎದೆಯ ಮೇಲಿದ್ದ ಭಾರ ಇಳಿಯಿತು. ಬೈಸಿಕೊಂಡು ಇಷ್ಟು ಹಗುರಾಗಿದ್ದು ಅದೇ ಮೊದಲು.

ಅಕ್ಕ ಬಂದು ತಮ್ಮ ಕುರ್ಚಿಯಲ್ಲಿ ಕೂತರು. ಬೈಯುತ್ತಾರೆ ಎಂದು ಕಾದೆ.

"ಬೆಳಿಗ್ಗೆ ಬಸ್ಸಲ್ಲಿ ಬರ್ತಾ ನಾನೇ ಒಪ್ಕೊಂಡ್ಬಿಡಣ ಅಂದ್ಕೊಂಡಿದ್ದೆ ಕಣಪ್ಪಾ," ಎಂದರು. "ನಾನೇ ಏನಾದ್ರೂ ತಪ್ಪು ಒತ್ತಿರ್ಬೇಕು ಅಂತ ನಂಗೇ ಅನ್ನಿಸೋಕೆ ಶುರುವಾಗಿತ್ತು."

ಅಕ್ಕ ಡ್ರಾಯರಿನಿಂದ ಪೆನ್ನು ತೆಗೆದು, ಹಬ್ಬದ ಕುಂಕುಮ ಇನ್ನೂ ಅಂಟಿದ್ದ ಆ ಕಂಪ್ಯೂಟರಿನ ಪಕ್ಕದ ಕ್ಯಾಲೆಂಡರನ್ನು ಹತ್ತಿರಕ್ಕೆ ಎಳೆದುಕೊಂಡರು.

"ಆ ಫೈಲು ಎಲ್ಲೈತೆ, ಹೆಂಗೆ ಓದೋದು, ನಿಧಾನಕ್ಕೆ ಹೇಳು. ನಂಗೂ ಗೊತ್ತಿರ್ಲಿ."